ನಾಲ್ಕರಿಂದ ಹಿಂದಿರುಗಿದ ಎಳೆ

ದೇವದುರ್ಗ
೧೨ ಆಗಸ್ಟ್ ೧೯೮೧

ಸಿರವಾರದಲ್ಲಿ ತಮ್ಮ ಅಣ್ಣನ ಮನೆಯ ರೊಟ್ಟಿ ಮುರಿಯುತ್ತಿರುವ ನನ್ನ ಗಂಡನಿಗೆ, ಮೂಕಮ್ಮನ ನಮಸ್ಕಾರಗಳು.

ನಾನೂ ನಿಮ್ಮ ಅವ್ವನೂ ಚೆನ್ನಾಗಿದ್ದೇವೆ. ಸುಂಕಪ್ಪನ ಕೈಯಲ್ಲಿ ನೀವು ಹೇಳಿ ಕಳಿಸಿದ ಮಾತು ತಲುಪಿತು. ಪಾಪ, ಆತ ಹೊಸ್ತಿಲಲ್ಲೇ ನಿಂತು, "ಯವ್ವಾ, ಹಳಿ ಎಳಿಗೇ ಹೊಸ ಹಾಸು ಗಂಟು ಹಾಕಿ, ತಪ್ಪಾತು ಅನ್ನಬೇಕಂತ. ಇಲ್ಲಾಂದ್ರ ಸೋಮವಾರ ಬಂಡಿ ತಂದು ಮಗ್ಗ ಒಯ್ತಾನಂತ" ಎಂದ. ಚಹಾ ಕುಡಿಸಿ ಕಳಿಸಿದೆ. ನನ್ನ ಉತ್ತರ ಇದು: ಗಂಟು ಹಾಕುವುದಿಲ್ಲ. ತಪ್ಪಾಯಿತು ಎನ್ನುವುದೂ ಇಲ್ಲ.

ಹಳೆಯ ಎಳೆಯೇ ಈಗ ಮಗ್ಗದಲ್ಲಿಲ್ಲ. ಕತ್ತರಿಸಿ ಆಯಿತು.

ಎದೆ ಧಸಕ್ ಎಂದಿತೇ? ಎನ್ನಲಿ. ಒಂದು ಸೀರೆ ಮುಗಿದರೆ ಮಗ್ಗದಲ್ಲಿ ಉಳಿದ ತುಂಡು ಎಳೆಗಳಿಗೇ ಹೊಸ ಹಾಸಿನ ಉದ್ದೆಳೆಗಳ ತುದಿ ಗಂಟು ಹಾಕುವುದು ನಿಮ್ಮ ಮನೆಯ ರೂಢಿ. ಮಾವ ಎಂದೋ ಎಳೆಗಳನ್ನು ಏರಿಳಿಸುವ ನಾಲ್ಕು ಚೌಕಟ್ಟುಗಳ ಕಣ್ಣಿಗೆ ಅವನ್ನು ಪೋಣಿಸಿದ್ದರಂತೆ: ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದರಿಂದ. ಅದನ್ನು ಮುಟ್ಟಿದರೆ ಅವರನ್ನೇ ಮನೆಯಿಂದ ಹೊರಹಾಕಿದಂತೆ ಎಂದಿರಿ. ರಾಯಚೂರಿನ ತರಬೇತಿಯಲ್ಲಿ ಚೌಕದ ಹಾಳೆಯ ಮೇಲೆ ನಾನು ಬೇರೆ ದಾರಿ ಕಲಿತು ಬಂದೆ ಎಂಬ ಸಿಟ್ಟಿಗೆ ಚೀಲ ಹೆಗಲಿಗೇರಿಸಿದಿರಿ. ಹೆಂಗಸು ನೂಲು ಸುತ್ತಲಿ, ಎಳೆಯ ಲೆಕ್ಕ ಗಂಡಸಿನದು ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಿರಲ್ಲ, ಅದು ಇನ್ನೂ ಉರಿಯುತ್ತಿದೆ.

ನಾನು ನಾಲ್ಕರವರೆಗೆ ಹೋಗಿ ಹಿಂದಕ್ಕೆ ತಿರುಗಿಸಿದೆ: ಮೂರು, ಎರಡು, ಆಮೇಲೆ ಒಂದು. ಹಾಗೆ ತಿರುಗಿಸಿದರೆ ಬಟ್ಟೆಯಲ್ಲಿ ವಜ್ರದ ಆಕಾರ ಮೂಡುತ್ತದೆ. ಮೊದಲ ಸಲ ತಿರುವಿನಲ್ಲಿ ಗಡಿಬಿಡಿಯಾಗಿ ನಾಲ್ಕನೇ ಚೌಕಟ್ಟಿಗೇ ಎರಡು ಎಳೆ ಪೋಣಿಸಿಬಿಟ್ಟೆ. ನೇಯ್ದರೆ ವಜ್ರದ ಮೂಗೆಲ್ಲ ಚಪ್ಪಟೆ! ಅಳು ಬಂತು. ನಗುವುದಾದರೆ ನಗಿ. ಎಲ್ಲ ಬಿಚ್ಚಿ ಮತ್ತೆ ಪೋಣಿಸಿದೆ. ಈಗ ಗೇಣುದ್ದ ಬಟ್ಟೆ ಇಳಿದಿದೆ, ತುಂಬ ವಜ್ರಗಳು. ಎಷ್ಟು ಚಂದ ಅದ ಗೊತ್ತೇನ್ರೀ! ನೋಡಿದರೆ ನಿಮಗೂ ಹಿಡಿಸುತ್ತದೆ. ನೋಡದೆ ಹೋದಿರಲ್ಲ ಎಂಬುದೇ ನನ್ನ ಸಂಕಟ.

ಬಂಡಿ ತನ್ನಿ. ನಾನು ಮಗ್ಗದ ಕೆಳಗಿನ ಕುಣಿಗೆ ಕಾಲಿಳಿಸಿ ಕೂತಿರುತ್ತೇನೆ. ಎಬ್ಬಿಸುವ ಧೈರ್ಯವಿದ್ದರೆ ಎಬ್ಬಿಸಿ. ಬರಿಗೈಯಲ್ಲಿ ಬಂದರೆ ಪುಂಡಿಪಲ್ಯ ಮಾಡಿರುತ್ತೇನೆ.

ನಿಮ್ಮವಳೇ, ಆದರೆ ಬಗ್ಗದವಳು,
ಮೂಕಮ್ಮ

ತಾ.ಕ.: ಹಳೆಯ ಎಳೆ ಕತ್ತರಿಸಿದ್ದು ನಾನಲ್ಲ. ನಾನು ಕತ್ತರಿ ಹಿಡಿದು ಕೂತೇ ಇದ್ದೆ. ನಿಮ್ಮ ಅವ್ವನೇ ಕತ್ತರಿ ಕಸಿದುಕೊಂಡು ಕಚಕಚ ಕತ್ತರಿಸಿದರು. "ಅವರಪ್ಪಗ ಕಣ್ಣು ಮಂಜಾಗಿತ್ತು, ಎಳಿ ಎಲ್ಲಿ ಕಾಣ್ತಿತ್ತು? ಬಾಗಲಾ ಹಾಕ್ಕೊಂಡು ಪೋಣಿಸಿದಾಕಿ ನಾನು. ಇಷ್ಟ್ ವರ್ಷ ಬಾಯಿ ಬಿಟ್ಟಿಲ್ಲ. ಬರಿ ಬೇ, ನನ್ನ ಮಗಗ ಬರಿ" ಎಂದರು. ಬರೆದಿದ್ದೇನೆ.