ಬಿಟ್ಟವರ ಕಾಲ

ಅಘನಾಶಿನಿ ಅಳಿವೆ,
ಉಪ್ಪೇರಿದ ನೂರ ಹನ್ನೊಂದನೆಯ ವರ್ಷ, ಎರಡನೆಯ ಮಳೆಗಾಲ

ಹಿರಿಯರೇ,

ನಿಮ್ಮ ಪಂಚಾಂಗದಲ್ಲಿ ಇಂಥ ದಿನವಿಲ್ಲ. ಕಡಲು ಗದ್ದೆಗೆ ನುಗ್ಗಿದ ವರ್ಷದಿಂದ ನಾವು ಎಣಿಸುತ್ತೇವೆ. ಮಳೆಗಾಲವೂ ಈಗ ವರ್ಷಕ್ಕೆರಡು. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ಕನ್ನಡ ಅಲ್ಲಲ್ಲಿ ಎಡವಿದರೆ ಕ್ಷಮಿಸಿ.

ನೆಲದ ಪದರ ನೋಡಿ ಕಾಲವನ್ನು ಭಾಗ ಮಾಡುವುದು ನನ್ನ ಕೆಲಸ. ಹಿಮ ಕರಗಿದಂದಿನಿಂದ ನಡೆದುಬಂದ ಹೋಲೋಸೀನ್ ಯುಗ ಎಲ್ಲಿ ಮುಗಿಯಿತು, ಅದರ ಮುಂದಿನ, ಅಂದರೆ ನಿಮ್ಮ, ಕಾಲಕ್ಕೆ ಏನು ಹೆಸರು ಎಂದು ಈ ವರ್ಷ ನಿರ್ಧರಿಸಬೇಕಿತ್ತು. ಹೆಸರು ಒಮ್ಮೆ ನಿಂತರೆ ಮಕ್ಕಳು ನಿಮ್ಮನ್ನು ಅದರಿಂದಲೇ ಗುರುತಿಸುತ್ತಾರೆ. ಕೆಸರುಗೊಳವೆ ಎಂಬ ಉದ್ದನೆಯ ಕೊಳವೆಯನ್ನು ಅಳಿವೆಯ ತಳಕ್ಕಿಳಿಸಿ ಪದರಗಳನ್ನು ಮೇಲೆತ್ತಿದೆವು. ನಿಮ್ಮ ಪದರ ಕಪ್ಪಗಿತ್ತು, ತುಂಬ ಪ್ಲಾಸ್ಟಿಕ್ ಚೂರು. ನನ್ನ ಜೊತೆ ಕೆಲಸ ಮಾಡುವ ಬೀರಣ್ಣ ಹರಿಕಂತ್ರ ಅಲ್ಲೇ ನಾಮಕರಣ ಮಾಡಿದ: "ಕಸಗಾಲ."

ಅಷ್ಟು ಅವಸರ ಬೇಡ ಎಂದೆ.

"ಎಂತ ಮಾರಾಯ್ತಿ, ಕಸ ಬಿಟ್ಟು ಹೋದೋರಿಗೆ ಮಲ್ಗೆಗಾಲ ಅಂತ ಹೆಸ್ರಿಡೂದಾ?"

ನಗು ಬಂತು. ಆದರೆ ಅದೇ ಪದರದ ಮೇಲ್ಭಾಗದಲ್ಲಿ ಬಳಚು ಇದ್ದವು, ನೀವೂ ಕೆಸರಿನಿಂದ ಹೆಕ್ಕಿ ತಿನ್ನುತ್ತಿದ್ದ ಚಿಪ್ಪಿನ ಜೀವಿ. ಮೊದಲು ಕೂತ ಕೆಳಭಾಗದಲ್ಲಿ, ಬೆಳೆಯುವ ಮುನ್ನವೇ ಹೆಕ್ಕಿದ್ದರಿಂದ, ಉಗುರಿನಷ್ಟಾಗಿ ಕಾಣೆಯಾಗಿದ್ದವು, ನಂತರದ ಈ ಮೇಲ್ಭಾಗದಲ್ಲಿ ದಪ್ಪಗೆ ಬೆಳೆದು, ಮುದಿಯಾಗಿ, ಎರಡೂ ಚಿಪ್ಪು ಮುಚ್ಚಿಕೊಂಡೇ ಸತ್ತಿದ್ದವು. ಯಾರೂ ಹೆಕ್ಕಿರಲಿಲ್ಲ.

"ಹೆಕ್ಕೂಕೆ ಜನವೇ ಇರ್ಲಿಲ್ಲ ಕಾಣ್ತದೆ," ಎಂದ ಬೀರಣ್ಣ.

ಇದ್ದರು. ದಡದ ಅದೇ ಪದರದಲ್ಲಿ ಒಲೆಯ ಬೂದಿಯಿತ್ತು, ಸಣ್ಣ ಮೀನಿನ ಮುಳ್ಳಿತ್ತು. ಬಳಚಿನ ಚಿಪ್ಪು ಮಾತ್ರ ಒಂದೂ ಇಲ್ಲ. ಸಂತತಿ ಉಳಿಯಲೆಂದು, ಕೈಗೆಟುಕುವುದನ್ನು ಬೇಕೆಂದೇ ಬಿಟ್ಟಿದ್ದರು. ಇದು ಸಾಕ್ಷಿಯೋ, ನನ್ನ ಆಸೆಯೋ? ಅನುಮಾನ ಹೋಗಲಿಲ್ಲ. ಇನ್ನೂ ಕೆಲವೆಡೆ ಕೊಳವೆ ಇಳಿಸಿದೆ. ಎಲ್ಲೆಡೆ ಅದೇ. ಆಮೇಲೆಯೇ ಧೈರ್ಯ ಮಾಡಿ 'ಬಿಟ್ಟವರ ಕಾಲ' ಎಂಬ ಹೆಸರನ್ನು ಮುಂದಿಟ್ಟೆ.

"ಕಸ ಬಿಟ್ಟದ್ದಾ, ಬಳಚು ಬಿಟ್ಟದ್ದಾ?" ಬೀರಣ್ಣ ಕೆಣಕಿದ.

"ಎರಡೂ."

ಅವನು ಕೊಳವೆಯ ಕೆಸರು ತೊಳೆಯತೊಡಗಿದ. "ಹಂಗಾರೆ ಅಡ್ಡಿಲ್ಲ."

ಇವತ್ತು ನಮ್ಮಲ್ಲಿ ಬಳಚಿನ ಸುಕ್ಕ. ಮಗಳು ಎರಡು ಸಲ ಬಡಿಸಿಕೊಂಡಳು. ನಿಮ್ಮಲ್ಲಿ ಯಾರೋ ಹೆಂಗಸು, ಮಕ್ಕಳು ಕಾದಿದ್ದಾರೆಂದು ಗೊತ್ತಿದ್ದೂ, ಬರಿಬುಟ್ಟಿ ಹಿಡಿದು ಅಳಿವೆಯಿಂದ ಮನೆಗೆ ನಡೆದಿರಬೇಕು. ಆಕೆಯ ಹೆಸರು ಯಾವ ಪದರದಲ್ಲೂ ಸಿಗುವುದಿಲ್ಲ. ಅಮ್ಮಾ, ದೊಡ್ಡ ಉಪಕಾರವಾಯಿತು.

ಒಂದೇ ಅಳುಕು. ಈ ಪತ್ರ ಪದರದ ಯಾವ ಭಾಗದವರಿಗೆ ತಲುಪುವುದೋ ನನಗೆ ತಿಳಿಯದು. ನೀವು ಕೆಳಭಾಗದವರಾಗಿದ್ದರೆ, ಬಳಚು ಇನ್ನೂ ನಿಮ್ಮ ಬುಟ್ಟಿಯಲ್ಲೇ ಇದೆ. ಹೆಸರನ್ನು ನಾವು ಇಟ್ಟಾಗಿದೆ. ಅದನ್ನು ನಿಜ ಮಾಡುವುದು ನಿಮಗೆ ಬಿಟ್ಟದ್ದು.

ನಿಮ್ಮ ಋಣದಲ್ಲಿರುವ,
ಸುಮುಖಿ