ಉದ್ದದ ಹಾಡಿಗೆ ಬಿದ್ದ ಮತ

ಕೋಲಾರ
೭ ಜುಲೈ ೨೦೨೫

ಪ್ರಿಯ ಕದಿರೇಶ,

ನಾವೆಲ್ಲ ಕ್ಷೇಮ. ಬೈರಕೂರಿನ ತೋಟದಲ್ಲಿ ನೀವೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಶ್ರೀನಿವಾಸಪುರದ ಮಂಡಿಗೆ ಹಣ್ಣೆಲ್ಲ ಹೋಯಿತೇ? ಮಾವು ಮುಗಿಯುವ ಮೊದಲೇ ಬರೆಯಬೇಕಿತ್ತು, ತಡವಾಯಿತು, ಬೈಯಬೇಡ. ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆಗಳ ಕಾಟ. ಊರಿನ ವಧೂವರರಿಗೆಲ್ಲ ಪ್ರಾಸ ಹೊಸೆದು ಹೊಸೆದು, ಊಟಕ್ಕೆ ಕೂತರೂ 'ಇನ್ನೊಂಚೂರು ಸುರಿ ಸಾರು' ಎನ್ನುವ ಹಾಗಾಗಿದೆ. "ಮೊದ್ಲು ಬಾಯ್ ಮುಚ್ಕೊಂಡು ಉಣ್ರೀ" ಎನ್ನುತ್ತಾಳೆ ನಮ್ಮ ಶೋಭಾರಾಣಿ.

ಫೋನ್ ಬಿಟ್ಟು ಕಾಗದ ಹಿಡಿದನಲ್ಲ ಇವನು ಎಂದು ನಗಬೇಡ. ವಿಷಯ ಗಂಭೀರ. ಮೇ ತಿಂಗಳಲ್ಲಿ ನಿನ್ನ ಹಾಡಿಗೆ ಹಾಕಿದ ಮತವನ್ನು ವಾಪಸ್ ಪಡೆಯುತ್ತಿದ್ದೇನೆ.

ಕಾಲೇಜು ಬಿಟ್ಟಾಗಿನಿಂದ ಪ್ರತಿ ಮಾವಿನ ಕಾಲದಲ್ಲೂ ನಿನ್ನ ತೋಟದಲ್ಲಿ ಸೇರಿ, ಜಗತ್ತಿನ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರಿದ ರಾಕ್ ಹಾಡು ಯಾವುದೆಂದು ನಾಲ್ವರೂ ಕಿತ್ತಾಡಿದ್ದೇವೆ. ಜಗತ್ತು ನಮ್ಮನ್ನು ಕೇಳಿರಲಿಲ್ಲ, ಅದು ಬೇರೆ ಮಾತು. ನೀನೂ ಮುಳಬಾಗಿಲಿನ ನರೇಶನೂ ಆ ಉದ್ದದ ಹಾಡಿನ ಕಡೆ. ನಾನೂ ಮಾಲೂರಿನ ಅಮರನಾಥನೂ ಗಿಡ್ಡ ಹಾಡಿನ ಕಡೆ. ಗೆದ್ದವರಿಲ್ಲ, ಬಿಟ್ಟವರಿಲ್ಲ.

"ಲೇ, ಈ ಹಾಡು ಬಂದ್ಮೇಲೆ ಗಿಟಾರ್ ಹಿಡಿಯೋರ ಕೈಯೇ ಬದ್ಲಾಯ್ತು ಕಣೋ" ಎಂದು ನೀನು. "ನಿಂದು ಕಲ್ತೋರ ಹಾಡು. ಏನೂ ಬರ್ದೋನಿಗೂ ಬಾರಿಸೋ ಧೈರ್ಯ ಕೊಟ್ಟಿದ್ದು ನಂದು" ಎಂದು ನಾನು. "ಇಂಕ ಚಾಲು ರಾ! ಸಾಕು ನಿಲ್ಸಿ, ಹಣ್ಣು ಕುಯ್ಯಿರ್ಲಾ" ಎಂದು ತನ್ನ ತೆಲುಗು ಬೆರೆಸಿ ನರೇಶ.

ನಮಗಿದ್ದದ್ದು ಒಂದೇ ಕಾನೂನು: ಹಾಡನ್ನು ಪೂರ್ತಿ ಕೇಳದವನಿಗೆ ಮತವಿಲ್ಲ. ನಡುವೆ ಯಾರೂ ಮಾತಾಡಬಾರದೆಂದು ಬಾಯಲ್ಲಿ ಮಾವಿನ ಓಟೆ ಇಟ್ಟುಕೊಂಡು ಕೂರಬೇಕು. ನಿನ್ನ ಹಾಡಿನಲ್ಲಿ ಗಿಟಾರ್ ಶುರುವಾಗುತ್ತಿದ್ದಂತೆ ನಾನು ಓಟೆ ಉಗುಳಿ ವಾದಕ್ಕಿಳಿಯುತ್ತಿದ್ದೆ. ಪ್ರತಿ ವರ್ಷವೂ. ಮತ ಎಣಿಸುವ ಸರದಿಯೇ ಬರುತ್ತಿರಲಿಲ್ಲ.

ಈ ಸಲ ಉಗುಳಲಿಲ್ಲ. ಹಾಡು ಮುಗಿದಾಗ ನಿನ್ನ ಕಡೆಗೆ ಕೈ ಎತ್ತಿದೆ. ನೀನು ಬಂದು ತಬ್ಬಿಕೊಂಡೆ. "ಸುನಂದಾ, ಬಾರೇ ಇಲ್ಲಿ! ಮುರಳಿಗೆ ಕೊನೆಗೂ ಕೇಳಿಸ್ತು ಕಣೇ!" ಎಂದು ಕೂಗಿದೆಯಂತೆ, ನರೇಶ ಅದನ್ನೇ ವಾಟ್ಸಾಪಿನಲ್ಲಿ ಹಾಕಿದ್ದಾನೆ. ನಿನ್ನ ಕಣ್ಣು ತುಂಬಿತ್ತು. ಅಮರನಾಥನಂತೂ ಪಕ್ಷಾಂತರಿಯ ಪಕ್ಕ ಕೂರುವುದಿಲ್ಲವೆಂದು ಕೋಲಾರದವರೆಗೂ ಬಸ್ಸಿನಲ್ಲಿ ನಿಂತೇ ಬಂದ.

ಆ ಮತ ಸಲ್ಲದು. ಅದನ್ನು ಕಳೆದರೂ ಎರಡಕ್ಕೆ ಒಂದರಲ್ಲಿ ನೀನೇ ಗೆಲ್ಲುತ್ತೀಯ, ಗೆಲ್ಲು. ಆದರೆ ನನ್ನನ್ನು ಒಪ್ಪಿಸಿಬಿಟ್ಟೆ ಎಂದುಕೊಳ್ಳಬೇಡ. ಇಷ್ಟು ವರ್ಷ ನೀನು ಕೇಳಿಕೊಂಡದ್ದು ಒಂದೇ: "ಒಂದ್ಸಲ ಸುಮ್ನೆ ಕೂತು ಕೇಳೋ." ಅದನ್ನು ಕೊಡದೆ ಬರೀ ಕೈ ಎತ್ತಿ ಬಂದೆ.

ಸುನಂದಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನ್ನ ಮರಗಳಿಗೆ ತುಂಬಲಿ ಹೂವು, ನಿನ್ನ ಮೈಗೆ ತಾಗದಿರಲಿ ನೋವು.

ನಿನ್ನ
ಮುರಳಿಮೋಹನ್

ಮರೆತ ಮಾತು: ಉತ್ತರ ಬರೆ, ಫೋನ್ ಮಾಡಬೇಡ. ಬಲಗಿವಿ ಹೋದ ವರ್ಷ ಹೋಯಿತು, ಎಡಗಿವಿ ಯುಗಾದಿ ಹೊತ್ತಿಗೆ. ನರ ಸೋತಿದೆ, ಮಿಷನ್ ಹಾಕಿದರೂ ಪ್ರಯೋಜನವಿಲ್ಲ ಎಂದಿದ್ದಾರೆ ಡಾಕ್ಟರು. ಎದುರಿಗಿದ್ದವರ ತುಟಿ ನೋಡಿ ಸಂಸಾರ ನಡೆಯುತ್ತಿದೆ. ಆ ದಿನ ಹಾಡಿನುದ್ದಕ್ಕೂ ನಾನು ನೋಡಿದ್ದು ನಿನ್ನ ಮುಖವನ್ನು. ಅದರಲ್ಲಿದ್ದ ಆಸೆಗೆ ಕೈ ಎತ್ತಿದೆ. ಕಿವಿ ಇದ್ದಾಗ ವಾದ, ವಾದ ಬಿಟ್ಟಾಗ ಇಲ್ಲ ನಾದ. ಪ್ರಾಸಕ್ಕೇನೂ ಕೊರತೆಯಿಲ್ಲ, ನೋಡು.

ನನ್ನ ಗಿಡ್ಡ ಹಾಡು ತಲೆಯೊಳಗೆ ಪೂರ್ತಿ ಇದೆ, ಬೇಕೆಂದಾಗ ಹಾಡುತ್ತದೆ. ನಿನ್ನ ಹಾಡನ್ನೂ ದಿನಾ ನೆನೆಯುತ್ತೇನೆ. ಗಿಟಾರ್ ಶುರುವಾಗುವವರೆಗೆ ಬರುತ್ತದೆ. ಅಲ್ಲಿಂದ ಮುಂದೆ ಬರೀ ನನ್ನದೇ ದನಿ.