ಬ್ರಾಂಚಿಗೊಂದು ಫೋಲ್ಡರ್

ಪ್ರೀತಿಯ ಇನ್ಕೆರಿ,

ಕಳೆದ ಶನಿವಾರ ನಿನ್ನಪ್ಪ ಸೌನಾ ಹಬೆಕೋಣೆಯ ಒಲೆಗೆ ಮೂರು ಸಲ ಕಟ್ಟಿಗೆ ಒಟ್ಟಿದ. ಮೂರು ಸಲವೂ ನೀನು ಹೊರಗಿನ ಬೆಂಚಿನಿಂದಲೇ, "ಬಿಲ್ಡ್ ಆಗ್ತಿದೆ, ಇನ್ನು ನಲವತ್ತೇ ನಿಮಿಷ ಅಪ್ಪಾ" ಎಂದೆ. ನೀನು ಹೋದಮೇಲೆ ಅವನು, "ನನ್ ಜೊತೆ ಕೂರೋಕೆ ಇಷ್ಟ ಇಲ್ಲ ಅಂದಿದ್ರಾಗಿತ್ತಲ್ಲ ಅಕ್ಕಾ, ಕಂಪ್ಯೂಟರ್ ಮೇಲೆ ಯಾಕ್ ಹಾಕ್ಬೇಕು?" ಎಂದ.

ಅದು ನೆಪವಲ್ಲವೆಂದು ನನಗೆ ಗೊತ್ತು. ಅರವತ್ತು ದಾಟಿದ ಮೇಲೆ ಪ್ರೋಗ್ರಾಮಿಂಗ್ ಕಲಿತ ನಾನೂ ಬರೆದ ಕೋಡೆಲ್ಲ ಓಡುವ ಪ್ರೋಗ್ರಾಮಾಗಿ ಬಿಲ್ಡ್ ಆಗಲಿ ಎಂದು ಹೀಗೇ ಕಾಯುತ್ತಿದ್ದೆ. ಒಂದು ಸಾಲು ತಿದ್ದಲು ಹಳೆಯ ಬ್ರಾಂಚಿಗೆ, ಅಂದರೆ ಅದೇ ಕೋಡಿನ ಇನ್ನೊಂದು ಕವಲಿಗೆ, ಹೋಗಿ ಬಂದರೂ ಫೈಲುಗಳ ಸಮಯ ಬದಲಾಗುತ್ತದೆ. ಎಲ್ಲವೂ ಹೊಸದೆಂದುಕೊಂಡು ಕಂಪ್ಯೂಟರು ಮೊದಲಿನಿಂದ ಬಿಲ್ಡ್ ಮಾಡುತ್ತದೆ. ಈ ಕವಲುಗಳನ್ನೆಲ್ಲ ಕಾಪಾಡುವ ಗಿಟ್‌ನಲ್ಲೇ ವರ್ಕ್‌ಟ್ರೀ ಅಂತ ಇದೆ, ಬ್ರಾಂಚಿಗೊಂದು ಫೋಲ್ಡರ್ ಮಾಡಿಕೋ. ಅರ್ಧ ನೇಯ್ದ ಜಮಖಾನೆ ಬಿಚ್ಚಿ ಅದೇ ಮಗ್ಗದಲ್ಲಿ ಇನ್ನೊಂದನ್ನು ಹೂಡಲು ಯಾರಿಗೆ ಪುರುಸೊತ್ತಿದೆ? ನಾನು ಎರಡು ಮಗ್ಗ ಇಟ್ಟುಕೊಂಡಿರುವುದು ಅದಕ್ಕೇ.

ಶುಕ್ರವಾರವೇ ಎರಡೂ ಫೋಲ್ಡರನ್ನು ಒಮ್ಮೆ ಬಿಲ್ಡ್ ಮಾಡಿಟ್ಟುಕೊಂಡು ಬಾ. ಶನಿವಾರ ನಾಲ್ಕಕ್ಕೆ ನಿನ್ನಪ್ಪ ಸೌನಾ ಕಾಯಿಸುತ್ತಾನಂತೆ. ತಾನಾಗಿ ನಿನ್ನನ್ನು ಕರೆಯುವುದಿಲ್ಲ ಎಂದಿದ್ದಾನೆ. ನಾನು ಸೌನಾ ಬಿಟ್ಟು ವರ್ಷವಾಯಿತು. ಆದರೂ ಇವತ್ತು ಬೆಳಿಗ್ಗೆ, ಹಬೆಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಸೂಡು ತಲೆಗೊಂದರಂತೆ ಎರಡು ಕಟ್ಟಿಟ್ಟಿದ್ದಾನೆ.

ನಿನ್ನ
ಹೆಲ್ಕಾ ಅತ್ತೆ